ಕವಿಟ್‌ನಿಂದ ಬಲಾಂಗಿಗಾವರೆಗೆ

ಮನಿಲಾ ಕೊಲ್ಲಿಯ ಅಂಚಿನಲ್ಲೇ ಹಾಯುವ ವಿಶಾಲ ರಸ್ತೆಗೆ ಇಂದು ರೋಹಾಸ್ ಬುಲೆವಾರ್ಡ್ ಎಂದು ಹೆಸರು. ಹಿಂದೆ ಅದು ಡ್ಯೂಯಿ ಬುಲೆವಾರ್ಡ್ ಆಗಿತ್ತು. ಸಂಜೆ ಅಲ್ಲಿಯ ತಡೆಗೋಡೆಯ ಮೇಲೆ ಕೂತರೆ ಎಡಕ್ಕೆ, ನೀರಿನಾಚೆ, ಕವೀತೆಯ ನೆಲ ಮಸುಕಾಗಿ ಕಾಣುತ್ತದೆ. 1898ರ ಮೇ 1ರ ಬೆಳಗ್ಗೆ ಅಮೆರಿಕದ ಕಮಡೋರ್ ಜಾರ್ಜ್ ಡ್ಯೂಯಿ ಅಲ್ಲಿ ನಿಂತಿದ್ದ ಸ್ಪೇನಿನ ಹಡಗುಗಳನ್ನು ಒಂದೊಂದಾಗಿ ಸುಟ್ಟು ಮುಳುಗಿಸಿದ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಅಮೆರಿಕದವರಲ್ಲಿ ಗುಂಡೇಟಿಗೆ ಒಬ್ಬನೂ ಸಾಯಲಿಲ್ಲ.

ಆ ಯುದ್ಧ ಹುಟ್ಟಿದ್ದು ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಕ್ಯೂಬಾದ ವಿಚಾರಕ್ಕೆ. ಹವಾನಾ ಬಂದರಿನಲ್ಲಿ ‘ಮೇನ್’ ಎಂಬ ಅಮೆರಿಕದ ಯುದ್ಧನೌಕೆ ಫೆಬ್ರವರಿ 15ರ ರಾತ್ರಿ ಸ್ಫೋಟಗೊಂಡು 260ಕ್ಕೂ ಹೆಚ್ಚು ನಾವಿಕರು ಸತ್ತಿದ್ದರು. ಸ್ಪೇನೇ ಮಾಡಿದ್ದು ಎಂದು ನ್ಯೂಯಾರ್ಕಿನ ಪತ್ರಿಕೆಗಳು ಕೂಗೆಬ್ಬಿಸಿದವು. ಹವಾನಾದ ಸಿಟ್ಟು ಮನಿಲಾಕ್ಕೆ ಬಂದದ್ದು ಹೇಗೆ? ಆಗ ನೌಕಾ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿದ್ದ ಥಿಯೋಡರ್ ರೂಸ್‌ವೆಲ್ಟ್, ಯುದ್ಧ ಘೋಷಣೆಯಾಗುವುದಕ್ಕೆ ಸುಮಾರು ಎರಡು ತಿಂಗಳು ಮೊದಲೇ, ಫೆಬ್ರವರಿ 25ರಂದು ಡ್ಯೂಯಿಗೆ ತಂತಿ ಕಳಿಸಿದ್ದ. ಹಡಗುಗಳನ್ನು ಹಾಂಗ್‌ಕಾಂಗಿನಲ್ಲಿ ಸೇರಿಸಿ ಕಲ್ಲಿದ್ದಲು ತುಂಬಿಸಿಟ್ಟುಕೊಂಡಿರಬೇಕು, ಯುದ್ಧವಾದರೆ ಫಿಲಿಪ್ಪೀನ್ಸಿನ ಮೇಲೆ ಬೀಳಬೇಕು ಎಂಬುದು ಅದರ ಸಾರ. ಕ್ಯೂಬಾದ ಜನರ ಮೇಲಿನ ಕರುಣೆಯೊಂದರಿಂದ ಈ ತಂತಿ ಹುಟ್ಟಲಾರದು. 1893ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಕಾರ್ಖಾನೆಗಳು ಮಾರುಕಟ್ಟೆಗಾಗಿ ಬಾಯಿಬಿಡುತ್ತಿದ್ದವು. ಪಶ್ಚಿಮಕ್ಕೆ ಒತ್ತಿಕೊಳ್ಳಲು ಸ್ವದೇಶದಲ್ಲಿ ನೆಲ ಉಳಿದಿರಲಿಲ್ಲ. ಕಡಲನ್ನು ಆಳುವವನೇ ವ್ಯಾಪಾರವನ್ನೂ ಆಳುತ್ತಾನೆ, ಅದಕ್ಕೆ ದೂರದ ಬಂದರುಗಳೂ ಕಲ್ಲಿದ್ದಲ ಕಟ್ಟೆಗಳೂ ಬೇಕು ಎಂದು ನೌಕಾಧಿಕಾರಿ ಆಲ್ಫ್ರೆಡ್ ಮಹಾನ್ 1890ರಲ್ಲೇ ಪುಸ್ತಕ ಬರೆದಿದ್ದ. ಕಣ್ಣು ಇದ್ದದ್ದು ಚೀನಾದ ಮಾರುಕಟ್ಟೆಯ ಮೇಲೆ. ಮನಿಲಾ ಅದರ ಬಾಗಿಲ ಎದುರಿಗೇ ಇತ್ತು.

ನಾನು ವೃತ್ತಿಯಲ್ಲಿ ಇತಿಹಾಸದ ಮೇಷ್ಟ್ರು. ಸಾಮ್ರಾಜ್ಯಶಾಹಿ ಎಂದಾಗ ನಮ್ಮ ತರಗತಿಗಳಲ್ಲಿ ಇಂಗ್ಲೆಂಡ್, ಫ್ರಾನ್ಸ್, ಹಾಲೆಂಡ್ ಬರುತ್ತವೆ. ಅಮೆರಿಕ ಬರುವುದು ಮೊದಲು 1776ರ ಸ್ವಾತಂತ್ರ್ಯ ಘೋಷಣೆಯ ಜೊತೆ, ಆಮೇಲೆ ಲಿಂಕನ್, ಆಮೇಲೆ ವಿಲ್ಸನ್. ಒಂದೇ ಬೇಸಿಗೆಯಲ್ಲಿ ಅಮೆರಿಕ ಗುವಾಮ್, ಹವಾಯಿ, ಪೋರ್ಟೊರಿಕೊ, ಮನಿಲಾಗಳನ್ನು ಬುಟ್ಟಿಗೆ ಹಾಕಿಕೊಂಡ 1898 ಒಂದು ಸಾಲಿನಲ್ಲಿ ಸರಿದುಹೋಗುತ್ತದೆ. ಅಕ್ಕನ ಮಗಳು ಮನಿಲಾದಲ್ಲಿ ವೈದ್ಯಕೀಯ ಓದುತ್ತಾಳೆ. ‘ರಜೆಯಿದೆ, ಬನ್ನಿ ಮಾಮ, ಸುತ್ತಾಡಿಸ್ತೀನಿ’ ಎಂದು ಕರೆದಳು. ನಾನು ಅವಳಿಗೆ ಕಡಲತೀರಗಳ ಪಟ್ಟಿಯ ಬದಲು ಆ ವರ್ಷದ ಜಾಡು ಹಿಡಿದ ಊರುಗಳ ಪಟ್ಟಿ ಕೊಟ್ಟೆ.

ಮೊದಲು ಹೋದದ್ದು ಕವಿಟ್‌ಗೆ. ಕೊಲ್ಲಿಯನ್ನು ಬಳಸಿಕೊಂಡು ಕವೀತೆ ಪ್ರಾಂತಕ್ಕೆ ಹೋಗುವ ಬಸ್ಸು, ಅಲ್ಲಿಂದ ಜೀಪ್ನಿ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು, ಎದುರುಬದುರು ಬೆಂಚು ಹಾಕಿ ಫಿಲಿಪಿನೋಗಳು ಕಟ್ಟಿಕೊಂಡ ವಾಹನ ಅದು. ಕಾಸನ್ನು ಪಕ್ಕದವರ ಕೈಗಿಟ್ಟರೆ ಕೈಯಿಂದ ಕೈಗೆ ಸಾಗಿ ಚಾಲಕನನ್ನು ಮುಟ್ಟುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ.

ಕವಿಟ್‌ನಲ್ಲಿ ಎಮಿಲಿಯೊ ಅಗಿನಾಲ್ಡೊನ ಮನೆಯಿದೆ. ಮರದ ಕೆತ್ತನೆ ತುಂಬಿದ ದೊಡ್ಡ ಮನೆ, ಮೇಲೊಂದು ಗೋಪುರ, ಒಳಗೆ ಗುಪ್ತ ದಾರಿಗಳು. ಸ್ಪೇನಿನ ವಿರುದ್ಧ 1896ರಲ್ಲಿ ಎದ್ದ ಕ್ರಾಂತಿಯ ನಾಯಕ ಈತ. ಒಪ್ಪಂದವೊಂದರ ಮೇಲೆ ಹಾಂಗ್‌ಕಾಂಗಿಗೆ ಹೋಗಿದ್ದವನು 1898ರ ಮೇ 19ರಂದು ಅಮೆರಿಕದ ಹಡಗಿನಲ್ಲೇ ಮರಳಿ ಬಂದ. ಅಮೆರಿಕ ಮಿತ್ರನೆಂದು ಅವನು ನಂಬಿದ್ದ. ಕೆಲವೇ ವಾರಗಳಲ್ಲಿ ಅವನ ಪಡೆಗಳು ಮನಿಲಾದ ಸುತ್ತಮುತ್ತಲ ಪ್ರಾಂತಗಳನ್ನು ಸ್ಪೇನಿನಿಂದ ಕಿತ್ತುಕೊಂಡವು. ಜೂನ್ 12ರ ಸಂಜೆ ಈ ಮನೆಯ ಕಿಟಕಿಯಲ್ಲಿ ನಿಂತು ಸ್ವಾತಂತ್ರ್ಯ ಘೋಷಣೆ ಓದಲಾಯಿತು. ಹಾಂಗ್‌ಕಾಂಗಿನಲ್ಲಿ ಮಾರ್ಸೆಲಾ ಅಗೊನ್ಸಿಲ್ಯೊ ಹೊಲಿದ ಬಾವುಟ ಬಿಚ್ಚಿಕೊಂಡಿತು. ಕೊಲ್ಲಿಯಲ್ಲೇ ಇದ್ದ ಡ್ಯೂಯಿಗೆ ಆಹ್ವಾನ ಹೋಗಿತ್ತು. ಅಂದು ಟಪಾಲು ಕಳಿಸುವ ದಿನ ಎಂದು ಹೇಳಿ ಅವನು ಬರಲಿಲ್ಲ.

ಆ ಕಿಟಕಿಯ ಕೆಳಗೆ ನಿಂತಾಗ ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಈ ಗೈರುಹಾಜರಿ. ಏಷ್ಯಾದ ಒಂದು ಜನಾಂಗ ಯುರೋಪಿನ ಆಳ್ವಿಕೆಯನ್ನು ತಾನೇ ಕೆಡವಿ, 1776ರ ಅಮೆರಿಕದ ಮಾದರಿಯನ್ನೇ ಎದುರಿಗಿಟ್ಟುಕೊಂಡು ಬಾವುಟ ಏರಿಸುತ್ತಿದೆ. ಆ ಮಾದರಿಯ ಒಡೆಯರು ಕಣ್ಣಳತೆಯ ದೂರದಲ್ಲಿ ಹಡಗಿನ ಮೇಲಿದ್ದಾರೆ, ಬರುವುದಿಲ್ಲ. ಮುಂದೆ ನಡೆದದ್ದೆಲ್ಲ ಅಂದೇ ನಿರ್ಧಾರವಾಗಿತ್ತು ಎಂದು ನಾನು ಹೇಳಲಾರೆ. ಆದರೆ ಬಂದು ನಿಂತಿದ್ದರೆ ಆ ಸ್ವಾತಂತ್ರ್ಯವನ್ನು ಒಪ್ಪಿದಂತಾಗುತ್ತಿತ್ತು, ಅದು ಅವರಿಗೆ ಬೇಕಿರಲಿಲ್ಲ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಅಗಿನಾಲ್ಡೊ 1964ರವರೆಗೆ ಬದುಕಿದ. ಅವನ ಸಮಾಧಿ ಈ ಮನೆಯ ಹಿಂದೆಯೇ ಇದೆ.

ಮರುದಿನ ಇಂತ್ರಾಮುರೋಸ್. ಸ್ಪೇನಿನವರು ಕಟ್ಟಿದ ಕೋಟೆಯೂರು. ಕಲ್ಲು ಹಾಸಿದ ಬೀದಿಗಳಲ್ಲಿ ಕುದುರೆಗಾಡಿಗಳು ಓಡುತ್ತವೆ. ನಮ್ಮ ಕಡೆಯವರೂ ಒಮ್ಮೆ ಇಲ್ಲಿಗೆ ಬಂದಿದ್ದರು. 1762ರಲ್ಲಿ ಬ್ರಿಟಿಷರು ಈ ಕೋಟೆ ಹಿಡಿದಾಗ ಅವರ ಪಡೆ ಹೊರಟಿದ್ದು ಮದರಾಸಿನಿಂದ, ಅದರಲ್ಲಿ ಸಿಪಾಯಿಗಳಿದ್ದರು. ಕೆಲವರು ಪಡೆ ಬಿಟ್ಟು ಮನಿಲಾದ ಪೂರ್ವಕ್ಕಿರುವ ಕಾಯಿಂತಾದಲ್ಲಿ ನೆಲೆಸಿದರು. ಅವರ ಸಂತತಿ ಅಲ್ಲಿದೆ.

1898ರ ಆಗಸ್ಟ್ 13ರಂದು ಈ ಗೋಡೆಗಳ ಹೊರಗೆ ಒಂದು ಯುದ್ಧದ ನಾಟಕ ನಡೆಯಿತು. ಕೋಟೆಯೊಳಗೆ ಸ್ಪೇನಿನವರು. ಸುತ್ತ ಕಂದಕ ತೋಡಿಕೊಂಡು, ಕುಡಿಯುವ ನೀರನ್ನೂ ತಡೆದು ಕಾದಿದ್ದ ಫಿಲಿಪಿನೋ ಪಡೆ. ಅದರ ಜೊತೆಗೇ ಬಂದು ನಿಂತ ಅಮೆರಿಕದ ಸೈನ್ಯ. ಬೆಲ್ಜಿಯಂನ ರಾಯಭಾರ ಅಧಿಕಾರಿಯೊಬ್ಬನ ಮಧ್ಯಸ್ಥಿಕೆಯಲ್ಲಿ ಒಳಗಿನವರೂ ಅಮೆರಿಕದವರೂ ಗುಟ್ಟಾಗಿ ಮಾತಾಡಿಕೊಂಡರು: ಸ್ಪೇನಿನ ಮಾನ ಉಳಿಯುವಷ್ಟು ಗುಂಡು ಹಾರಿಸುವುದು, ಆಮೇಲೆ ಊರನ್ನು ಅಮೆರಿಕಕ್ಕೆ ಒಪ್ಪಿಸುವುದು, ಫಿಲಿಪಿನೋಗಳನ್ನು ಮಾತ್ರ ಒಳಗೆ ಬಿಡಬಾರದು. ಹಾಗೆಯೇ ಆಯಿತು. ಹಿಂದಿನ ದಿನವೇ ವಾಷಿಂಗ್ಟನ್ನಿನಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಿತ್ತು. ಡ್ಯೂಯಿ ಸಮುದ್ರದಡಿಯ ತಂತಿಯನ್ನು ಮೊದಲೇ ಕತ್ತರಿಸಿದ್ದರಿಂದ ಆ ಸುದ್ದಿ ಮನಿಲಾಕ್ಕೆ ತಲುಪಿರಲಿಲ್ಲ. ಶರಣಾಗತಿಯ ಷರತ್ತುಗಳನ್ನು ಸಿದ್ಧಪಡಿಸಿದ್ದು 1607ರ ಸಾನ್ ಅಗಸ್ಟಿನ್ ಚರ್ಚಿನಲ್ಲಿ. 1945ರ ಕದನದಲ್ಲಿ ಜಪಾನಿಯರ ಕ್ರೌರ್ಯಕ್ಕೂ ಅಮೆರಿಕದ ಫಿರಂಗಿಗಳಿಗೂ ಸಿಕ್ಕು ಕೋಟೆಯೊಳಗಿನ ಊರು ನೆಲಸಮವಾದಾಗ ಉಳಿದುಕೊಂಡ ಕಟ್ಟಡ ಇದು. ನಾವು ಹೋದಾಗ ಮದುವೆ ನಡೆಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಎದ್ದೆವು. ಕೋಟೆಯ ಹೊರಗಿನ ಕಂದಕವನ್ನು ಅಮೆರಿಕದವರು ಮುಚ್ಚಿಸಿದರು. ಅಲ್ಲೀಗ ಗಾಲ್ಫ್ ಮೈದಾನವಿದೆ.

ಆ ವರ್ಷದ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದವಾಯಿತು. ಎರಡು ಕೋಟಿ ಡಾಲರಿಗೆ ಸ್ಪೇನ್ ಈ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಬಾವುಟ ಹೊಲಿದ ಮಾರ್ಸೆಲಾಳ ಗಂಡ ಫೆಲಿಪೆ ಅಗೊನ್ಸಿಲ್ಯೊ ಫಿಲಿಪ್ಪೀನ್ಸಿನ ರಾಯಭಾರಿಯಾಗಿ ಪ್ಯಾರಿಸ್ಸಿಗೆ ಹೋಗಿದ್ದ. ಮಾತುಕತೆಯ ಕೋಣೆಗೆ ಅವನಿಗೆ ಪ್ರವೇಶವಿರಲಿಲ್ಲ. ಗಂಡಹೆಂಡಿರ ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಆ ವರ್ಷದ ಇತಿಹಾಸವೇ ಕಣ್ಣಿಗೆ ಕಟ್ಟುತ್ತದೆ.

ಹನ್ನೊಂದು ದಿನಗಳ ನಂತರ ಅಧ್ಯಕ್ಷ ಮೆಕಿನ್ಲಿಯ ಘೋಷಣೆ ಬಂತು: ನಾವು ಆಕ್ರಮಣಕಾರರಲ್ಲ, ಮಿತ್ರರು, ಪ್ರೀತಿಯಿಂದ ನಿಮ್ಮನ್ನು ನಮ್ಮೊಳಗೆ ಸೇರಿಸಿಕೊಳ್ಳುತ್ತೇವೆ ಎಂಬ ಧಾಟಿಯದು. ಆರೇ ವಾರಗಳಲ್ಲಿ ಯುದ್ಧ. ಅದು ಶುರುವಾದ ಜಾಗವನ್ನು ನೋಡಲೇಬೇಕೆಂದು ನಾನು ಹಟ ಹಿಡಿದೆ. ಸಾಂತಾ ಮೆಸಾ ಎಂಬ ಬಡಾವಣೆ, ಸೊಸಿಯೆಗೊ ಮತ್ತು ಸಿಲೆನ್ಸಿಯೊ ಬೀದಿಗಳು ಕೂಡುವ ಮೂಲೆ. 1899ರ ಫೆಬ್ರವರಿ 4ರ ರಾತ್ರಿ ನೆಬ್ರಾಸ್ಕಾದ ಸ್ವಯಂಸೇವಕ ಸೈನಿಕ ವಿಲಿಯಂ ಗ್ರೇಸನ್ ಎದುರಿಗೆ ಬಂದ ಫಿಲಿಪಿನೋ ಸೈನಿಕರ ಮೇಲೆ ಗುಂಡು ಹಾರಿಸಿದ್ದು ಇಲ್ಲಿ. ಬಹುಕಾಲ ಎಲ್ಲರೂ ಅದನ್ನು ಸಾನ್ ಹುವಾನ್ ಸೇತುವೆಯ ಮೇಲೆ ನಡೆದದ್ದೆಂದು ನಂಬಿದ್ದರು. ಸಂಶೋಧನೆಯ ನಂತರ 2003ರಲ್ಲಿ ಸ್ಮಾರಕಫಲಕವನ್ನು ಈ ಮೂಲೆಗೆ ತರಲಾಯಿತು.

ಈ ಮೂಲೆಯಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ. ಒತ್ತೊತ್ತಾದ ಮನೆಗಳು, ಟ್ರೈಸಿಕಲ್‌ಗಳು, ಬಾಳೆಹಣ್ಣು ಕರಿದು ಕಡ್ಡಿಗೆ ಚುಚ್ಚಿ ಮಾರುವ ಹೆಂಗಸು. ಫಲಕ ಯಾವುದೆಂದು ಕೇಳಿದಾಗ ಇಬ್ಬರು ಹುಡುಗರು ಬೆರಳು ಮಾಡಿ ತೋರಿಸಿದರು. ನನ್ನ ಸೋದರಸೊಸೆ ಓದಿ ಹೇಳುವಾಗ ಅವರೂ ನಿಂತು ಕೇಳಿದರು. ಗುಂಡು ಹಾರಿದ ಎರಡನೇ ದಿನಕ್ಕೆ, ಫೆಬ್ರವರಿ 6ರಂದು, ಅಮೆರಿಕದ ಸೆನೆಟ್ ಪ್ಯಾರಿಸ್ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು: 57 ಪರ, 27 ವಿರೋಧ. ಬೇಕಾದ ಮೂರನೇ ಎರಡರಷ್ಟು ಬಹುಮತಕ್ಕಿಂತ ಒಂದೇ ಒಂದು ಮತ ಹೆಚ್ಚು. ಇಡೀ ಅಮೆರಿಕ ಸಾಮ್ರಾಜ್ಯ ಬಯಸಿತ್ತು ಎಂದು ಯಾರಾದರೂ ಹೇಳಿದರೆ ಈ ಅಂಕಿಯನ್ನು ತೋರಿಸಬೇಕು. ಬಾಸ್ಟನ್ನಿನಲ್ಲಿ ಹುಟ್ಟಿದ ಸಾಮ್ರಾಜ್ಯಶಾಹಿ ವಿರೋಧಿ ಕೂಟದಲ್ಲಿ ಉಕ್ಕಿನ ಧಣಿ ಆಂಡ್ರೂ ಕಾರ್ನೆಗಿ ಇದ್ದ, ಮಾರ್ಕ್ ಟ್ವೇನ್ ಇದ್ದ. ಮುಂಬಯಿಯಲ್ಲಿ ಹುಟ್ಟಿದ ರಡ್ಯರ್ಡ್ ಕಿಪ್ಲಿಂಗ್ ಬಿಳಿಯನ ಹೊರೆಯ ಬಗ್ಗೆ ಬರೆದು, ಫಿಲಿಪ್ಪೀನ್ಸನ್ನು ಕೈಗೆತ್ತಿಕೊಳ್ಳಿ ಎಂದು ಅಮೆರಿಕವನ್ನು ಹುರಿದುಂಬಿಸಿದ ಪದ್ಯ ಪ್ರಕಟವಾದದ್ದು ಅದೇ ಫೆಬ್ರವರಿಯಲ್ಲಿ. ಟ್ವೇನ್ 1901ರಲ್ಲಿ ಬರೆದ ಪ್ರಬಂಧ ಅದಕ್ಕೆ ನೇರ ವಿರುದ್ಧ ದಿಕ್ಕಿನದು. ತನ್ನ ದೇಶವನ್ನು ಗಾಢವಾಗಿ ಪ್ರೀತಿಸಿದವನೇ ಅದನ್ನು ಹಾಗೆ ತರಾಟೆಗೆ ತೆಗೆದುಕೊಳ್ಳಬಲ್ಲ.

ಮಲೋಲೋಸ್ ಮನಿಲಾದ ಉತ್ತರಕ್ಕಿದೆ. ಅಲ್ಲಿಯ ಬರಸೋಯೆನ್ ಚರ್ಚಿನಲ್ಲಿ ಕೂತು ಫಿಲಿಪಿನೋ ಪ್ರತಿನಿಧಿಗಳು ಸಂವಿಧಾನ ಬರೆದರು, 1899ರ ಜನವರಿ 23ರಂದು ಗಣರಾಜ್ಯವನ್ನು ಉದ್ಘಾಟಿಸಿದರು. ಚರ್ಚಿನೊಳಗೆ ಕೂತೇ ಅವರು ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸುವ ವಿಧಿಯನ್ನು ಚರ್ಚಿಸಿ ಒಂದು ಮತದ ಅಂತರದಲ್ಲಿ ಗೆಲ್ಲಿಸಿದರು. ಸ್ವಂತ ಆಡಳಿತಕ್ಕೆ ಈ ಜನ ಇನ್ನೂ ತಯಾರಾಗಿಲ್ಲ ಎಂದು ಅಮೆರಿಕದ ಸೆನೆಟ್ಟಿನಲ್ಲಿ ಭಾಷಣಗಳಾಗುತ್ತಿದ್ದ ಕಾಲವದು. ಎರಡು ಕಾಲೂ ಸ್ವಾಧೀನವಿಲ್ಲದ ಅಪೊಲಿನಾರಿಯೊ ಮಬಿನಿ ಈ ಗಣರಾಜ್ಯದ ಮೊದಲ ಪ್ರಧಾನಿ. ಮುಂದೆ ಅಮೆರಿಕದವರು ಅವನನ್ನು ಹಿಡಿದು ಗುವಾಮ್ ದ್ವೀಪಕ್ಕೆ ಗಡೀಪಾರು ಮಾಡಿದರು. ಮರಳಿ ಬಂದವನು 1903ರಲ್ಲಿ ಕಾಲರಾದಿಂದ ತೀರಿಕೊಂಡ. ಮಲೋಲೋಸ್ 1899ರ ಮಾರ್ಚ್ 31ರಂದೇ ಕೈಬಿಟ್ಟಿತ್ತು. ಅಗಿನಾಲ್ಡೊ ಬೆಟ್ಟಗಳಿಗೆ ಹಿಂದೆ ಸರಿಯುತ್ತ ಹೋಗಿ 1901ರ ಮಾರ್ಚ್ 23ರಂದು ಪಲನಾನ್ ಎಂಬ ದೂರದ ಊರಿನಲ್ಲಿ ಸೆರೆಸಿಕ್ಕ.

ಮನಿಲಾದ ನಡುವೆ ಹಾಯುವ ಟಾಫ್ಟ್ ಅವೆನ್ಯೂ ಇಂದಿಗೂ ಮೊದಲ ಅಮೆರಿಕನ್ ಸಿವಿಲ್ ಗವರ್ನರನ ಹೆಸರಲ್ಲೇ ಇದೆ. ಅದರ ಅಕ್ಕಪಕ್ಕ ಕಾಲೇಜುಗಳು ಸಾಲಾಗಿವೆ. 1901ರ ಆಗಸ್ಟ್‌ನಲ್ಲಿ ‘ಥಾಮಸ್’ ಎಂಬ ಸೈನ್ಯದ ಹಡಗಿನಲ್ಲಿ ಸುಮಾರು 500 ಮಂದಿ ಅಮೆರಿಕನ್ ಶಿಕ್ಷಕರು ಬಂದಿಳಿದರು. ಸ್ಪೇನ್ ಮುನ್ನೂರು ವರ್ಷಗಳಲ್ಲಿ ಜನಸಾಮಾನ್ಯರಿಗೆ ಕಲಿಸದ ತನ್ನ ಭಾಷೆಯ ಜಾಗದಲ್ಲಿ ಇವರು ಒಂದೆರಡು ತಲೆಮಾರಿನೊಳಗೆ ಇಂಗ್ಲಿಷನ್ನು ತಂದು ಕೂರಿಸಿದರು. ನಮ್ಮ ಹುಡುಗಿಗೆ ಇಲ್ಲಿ ಓದಲು ಸಾಧ್ಯವಾದದ್ದೂ ಆ ಇಂಗ್ಲಿಷಿನಿಂದಲೇ. ಕಾಲರಾಕ್ಕೂ ಅನಕ್ಷರತೆಗೂ ಎದುರಾಗಿ ದುಡಿದ ಆ ಶಿಕ್ಷಕರ, ವೈದ್ಯರ ಶ್ರಮವನ್ನು ನಾನು ಕಡೆಗಣಿಸುವುದಿಲ್ಲ. ಅವರಲ್ಲಿ ಕೆಲವರು ಇಲ್ಲೇ ಸತ್ತು ಇಲ್ಲೇ ಮಣ್ಣಾದರು. ಆದರೆ ಶಾಲೆ ತೆರೆಯುವುದಕ್ಕೆ ಗಣರಾಜ್ಯವನ್ನು ಕೊಲ್ಲಬೇಕಾಗಿರಲಿಲ್ಲ. ಮಲೋಲೋಸ್‌ನವರು ತಮ್ಮದೇ ವಿಶ್ವವಿದ್ಯಾಲಯವನ್ನು 1898ರಲ್ಲೇ ತೆರೆದಿದ್ದರು.

ಅಮೆರಿಕದ ಹಣ ಮತ್ತು ವಿದ್ಯೆ ಇಲ್ಲಿ ಮಾಡಿದ ಒಂದು ಕೆಲಸ ನಮ್ಮ ಗದ್ದೆಗೂ ಬಂದಿದೆ. ಮನಿಲಾದ ದಕ್ಷಿಣಕ್ಕೆ ಲೋಸ್ ಬನ್ಯೋಸ್‌ನಲ್ಲಿ ಫೋರ್ಡ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳ ನೆರವಿನಿಂದ 1960ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಶುರುವಾಯಿತು. ಮಂಡ್ಯ, ಗಂಗಾವತಿಯ ರೈತರು ‘ಐ.ಆರ್. 64’ ಎನ್ನುವ ತಳಿ ಅಲ್ಲಿಂದ ಬಂದದ್ದು. ಹೊತ್ತಾಗಿದ್ದರಿಂದ ಅಲ್ಲಿಗೆ ಹೋಗಲಾಗಲಿಲ್ಲ.

ಮನಿಲಾದಿಂದ ಟಾಕ್ಲೊಬಾನ್‌ಗೆ ವಿಮಾನ. 2013ರ ನವೆಂಬರಿನ ಚಂಡಮಾರುತದಲ್ಲಿ ಈ ಊರು ಕೊಚ್ಚಿಹೋಗಿತ್ತು. ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಪಾಲೊ ತೀರದಲ್ಲಿ ನೀರಿನ ನಡುವೆ ನಡೆದು ಬರುತ್ತಿರುವ ಜನರಲ್ ಡಗ್ಲಸ್ ಮ್ಯಾಕಾರ್ಥರ್ ಮತ್ತು ಸಂಗಡಿಗರ ಆಳೆತ್ತರ ಮೀರಿದ ಪ್ರತಿಮೆಗಳಿವೆ. ಜಪಾನಿಯರನ್ನು ಓಡಿಸಲು 1944ರ ಅಕ್ಟೋಬರ್ 20ರಂದು ಅವನು ಇಲ್ಲಿ ಇಳಿದ. ಶಾಲಾಮಕ್ಕಳು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಜಪಾನಿನ ಕೈಯಲ್ಲಿ ಈ ಜನ ಪಟ್ಟ ಪಾಡು ನೆನೆದರೆ ಆ ಕೃತಜ್ಞತೆ ಸಹಜವಾದದ್ದು, ಅದನ್ನು ಗೌರವಿಸಬೇಕು. ಇವನ ತಂದೆ ಆರ್ಥರ್ ಮ್ಯಾಕಾರ್ಥರ್ 1900-01ರಲ್ಲಿ ಇದೇ ದೇಶದ ಮಿಲಿಟರಿ ಗವರ್ನರ್. ಗಣರಾಜ್ಯದ ಪಡೆಗಳನ್ನು ಬಗ್ಗುಬಡಿದದ್ದು ಅವನ ಕಾಲದಲ್ಲಿ. ಅಪ್ಪನ ಕಥೆ ಆ ತೀರದಲ್ಲಿ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ.

ಬೆಳಗ್ಗೆ ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಒಣಮೀನು ತಿಂದು ವ್ಯಾನ್ ಹತ್ತಿದೆವು. ಎರಡು ಕಿಲೋಮೀಟರಿಗೂ ಉದ್ದದ ಸಾನ್ ಹುವಾನಿಕೊ ಸೇತುವೆ ದಾಟಿದರೆ ಸಮಾರ್ ದ್ವೀಪ. ಬಾಸೆಯಲ್ಲಿ ಹೆಂಗಸರು ಜಗಲಿಯ ಮೇಲೆ ಕೂತು ಬಣ್ಣದ ಚಾಪೆ ಹೆಣೆಯುತ್ತಾರೆ. ಮರಬುತ್ ಬಳಿ ಸಮುದ್ರದಿಂದ ಸುಣ್ಣಕಲ್ಲಿನ ಬಂಡೆಗಳು ಹಸಿರು ಹೊದ್ದು ಎದ್ದಿವೆ. ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ತೆಂಗು, ಅದರ ಹಿಂದೆ ಕಾಡು. ಈ ಕಾಡಿನಲ್ಲೇ ವಿಸೆಂತೆ ಲುಕ್ಬಾನ್ ಎಂಬ ಸೇನಾನಿ ಗೆರಿಲ್ಲಾ ಯುದ್ಧ ನಡೆಸುತ್ತಿದ್ದ. ಅವನಿಗೆ ಸಮುದ್ರದ ಮೂಲಕ ದವಸ ತಲುಪದಂತೆ ತಡೆಯಲು ಅಮೆರಿಕದ 9ನೇ ಪದಾತಿದಳದ ಒಂದು ತುಕಡಿ 1901ರ ಆಗಸ್ಟ್‌ನಲ್ಲಿ ಬಲಾಂಗಿಗಾದಲ್ಲಿ ಬಿಡಾರ ಹೂಡಿತು.

ಬಲಾಂಗಿಗಾ ಚಿಕ್ಕ ಊರು. ಚೌಕ, ಚೌಕದ ಒಂದು ಬದಿಗೆ ಚರ್ಚು, ಆಚೆ ನದಿ ಸಮುದ್ರ ಸೇರುವ ಜಾಗ. ಚೌಕದಲ್ಲಿ 1901ರ ದಾಳಿಯ ದೃಶ್ಯವನ್ನು ಪ್ರತಿಮೆಗಳಲ್ಲಿ ನಿಲ್ಲಿಸಿದ್ದಾರೆ. ಚರ್ಚಿನ ನೆರಳಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಸಿಕ್ಕರು. ಅಲ್ಲಿಯ ವರಾಯ್ ಭಾಷೆಯಲ್ಲಿ ‘ಮವುಪಾಯ್’ ಎಂದು ನಮಸ್ಕರಿಸಿ, ಅಜ್ಜಿಯರನ್ನು ಅಲ್ಲಿ ಕರೆಯುವಂತೆ ‘ಲೋಲಾ’ ಎಂದು ಮಾತಾಡಿಸಿದಾಗ ಪಕ್ಕದಲ್ಲೇ ಕೂರಿಸಿಕೊಂಡು ಹೇಳತೊಡಗಿದರು.

ಮೊದಮೊದಲು ಊರವರೂ ಸೈನಿಕರೂ ಹೊಂದಿಕೊಂಡೇ ಇದ್ದರಂತೆ. ಒಟ್ಟಿಗೆ ತೆಂಗಿನ ಕಳ್ಳು ಕುಡಿದದ್ದೂ ಉಂಟು. ಆಮೇಲೆ ತುಕಡಿಯ ಕ್ಯಾಪ್ಟನ್ ಥಾಮಸ್ ಕಾನಲ್, ಊರು ಚೊಕ್ಕಟ ಮಾಡಿಸುವ ನೆಪದಲ್ಲಿ ಗಂಡಸರನ್ನೆಲ್ಲ ಹಿಡಿಸಿ ಬಿಟ್ಟಿ ದುಡಿಸಿದ. ಹದಿನಾರು ಸೈನಿಕರಿಗೆಂದು ಮಾಡಿದ ಡೇರೆಗಳಲ್ಲಿ ಅವರನ್ನು ರಾತ್ರಿಯಿಡೀ ತುರುಕಿಟ್ಟ. ಅಕ್ಕಿ ಕಿತ್ತುಕೊಂಡ, ಮಚ್ಚುಗಳನ್ನೂ ಕಿತ್ತುಕೊಂಡ. ಸೆಪ್ಟೆಂಬರ್ 28ರ ಬೆಳಗ್ಗೆ, ಸೈನಿಕರು ತಿಂಡಿಗೆ ಕೂತಿದ್ದಾಗ, ಊರಿನ ಪೊಲೀಸ್ ಮುಖ್ಯಸ್ಥ ವಲೇರಿಯಾನೊ ಅಬನಾದೊರ್ ಕಾವಲುಗಾರನ ಬಂದೂಕು ಕಸಿದು ಅವನನ್ನು ಹೊಡೆದು ಕೆಡವಿದ. ಚರ್ಚಿನ ಗಂಟೆ ಮೊಳಗಿತು. ಡೇರೆಗಳಿಂದ, ಚರ್ಚಿನಿಂದ, ಮನೆಗಳಿಂದ ಜನ ಮಚ್ಚು ಹಿಡಿದು ನುಗ್ಗಿದರು. 74 ಸೈನಿಕರಲ್ಲಿ 48 ಮಂದಿ ಸತ್ತರು, ಕಾನಲ್ ಕೂಡ.

‘ಅವರೂ ಯಾರೋ ತಾಯಂದಿರ ಮಕ್ಕಳೇ’ ಎಂದರು ಲೋಲಾ. ‘ಪ್ರತಿವರ್ಷ ನಾವು ಅವರಿಗೂ ಪ್ರಾರ್ಥನೆ ಮಾಡುತ್ತೇವೆ.’ ಇದನ್ನು ಅವರು ಗಟ್ಟಿದನಿಯಲ್ಲಿ ಹೇಳಿದರು. ಆಮೇಲೆ ತಮ್ಮ ಅಜ್ಜಿಯ ಕಥೆಗೆ ಬಂದರು: ಹೊಗೆ ಕಂಡು ಮಕ್ಕಳನ್ನು ಎತ್ತಿಕೊಂಡು ಕಾಡಿಗೆ ಓಡಿದ್ದು, ಗೆಡ್ಡೆಗೆಣಸು ತಿಂದು ಮಳೆಗಾಲ ಕಳೆದದ್ದು, ಹಸುಗೂಸು ಉಳಿಯದೆ ಹೋದದ್ದು.

ಆ ಹೊಗೆ ಬಲಾಂಗಿಗಾದ್ದಷ್ಟೇ ಆಗಿರಲಿಲ್ಲ. ಜನರಲ್ ಜೇಕಬ್ ಸ್ಮಿತ್ ಇಡೀ ಸಮಾರ್ ಒಳನಾಡನ್ನು ಬೆಂಗಾಡು ಮಾಡುವಂತೆ ಮೇಜರ್ ಲಿಟಲ್‌ಟನ್ ವಾಲರನಿಗೆ ಆಜ್ಞೆ ಕೊಟ್ಟ. ಆಯುಧ ಹಿಡಿಯಬಲ್ಲವರನ್ನೆಲ್ಲ ಕೊಲ್ಲಬೇಕು. ಯಾವ ವಯಸ್ಸಿನಿಂದ ಎಂದು ಕೇಳಿದ್ದಕ್ಕೆ, ಹತ್ತು ವರ್ಷದಿಂದ ಎಂದ. ವಾಲರ್ ಆ ಮಾತನ್ನು ಅಕ್ಷರಶಃ ಪಾಲಿಸಲಿಲ್ಲ, ಆದರೆ ಊರುಗಳು ಉರಿದವು, ದವಸ ಉರಿಯಿತು, ದನಕರು ಸತ್ತವು. ಸುದ್ದಿ ಅಮೆರಿಕಕ್ಕೆ ತಲುಪಿದಾಗ ಪತ್ರಿಕೆಗಳು ಸಿಡಿದೆದ್ದವು. 1902ರಲ್ಲಿ ಸ್ಮಿತ್‌ನ ಮೇಲೆ ಸೈನಿಕ ವಿಚಾರಣೆ ನಡೆಯಿತು. ಆರೋಪ ಕೊಲೆಯದಲ್ಲ, ಸೈನಿಕ ಶಿಸ್ತಿಗೆ ಧಕ್ಕೆ ತಂದದ್ದು; ಅವನಿಗೆ ಸಿಕ್ಕಿದ್ದು ಒಂದು ಛೀಮಾರಿ. ಆಮೇಲೆ ಅಧ್ಯಕ್ಷ ರೂಸ್‌ವೆಲ್ಟ್ ಅವನನ್ನು ನಿವೃತ್ತಿಗೊಳಿಸಿದ. ಹಾಂಗ್‌ಕಾಂಗಿಗೆ ತಂತಿ ಕಳಿಸಿದ್ದ ಅದೇ ರೂಸ್‌ವೆಲ್ಟ್, ಆ ವರ್ಷದ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಯುದ್ಧ ಮುಗಿಯಿತೆಂದು ಸಾರಿದ. ದಕ್ಷಿಣದ ಮುಸ್ಲಿಂ ಪ್ರಾಂತಗಳಲ್ಲಿ ಕಾದಾಟ ಇನ್ನೂ ಹತ್ತು ವರ್ಷ ನಡೆಯಿತು. ಒಟ್ಟು ಯುದ್ಧದಲ್ಲಿ ಅಮೆರಿಕದ 4,200ಕ್ಕೂ ಹೆಚ್ಚು, ಫಿಲಿಪ್ಪೀನ್ಸಿನ 20,000ಕ್ಕೂ ಹೆಚ್ಚು ಸೈನಿಕರು ಸತ್ತರು. ಹಿಂಸೆ, ಹಸಿವು, ಕಾಲರಾಗಳಿಗೆ ಬಲಿಯಾದ ಜನಸಾಮಾನ್ಯರ ಸಂಖ್ಯೆ ಎರಡು ಲಕ್ಷದವರೆಗೂ ಇರಬಹುದೆಂದು ಅಮೆರಿಕದ ವಿದೇಶಾಂಗ ಇಲಾಖೆಯ ಇತಿಹಾಸಕಾರರೇ ಬರೆದಿದ್ದಾರೆ.

ಬಲಾಂಗಿಗಾದ ಮೂರು ಗಂಟೆಗಳನ್ನು ಸೈನಿಕರು ಯುದ್ಧದ ಗೆಲುವಿನ ಗುರುತೆಂದು ಹೊತ್ತುಕೊಂಡು ಹೋದರು. ಎರಡು ವಯೋಮಿಂಗ್ ರಾಜ್ಯದ ಒಂದು ಸೈನಿಕ ನೆಲೆಯಲ್ಲಿ ನಿಂತವು. ಮೂರನೆಯದು 9ನೇ ಪದಾತಿದಳದ ಜೊತೆ ತಿರುಗುತ್ತ ಕೊನೆಗೆ ದಕ್ಷಿಣ ಕೊರಿಯಾದಲ್ಲಿತ್ತು. ತೊಂಬತ್ತರ ದಶಕದಲ್ಲಿ ಅಧ್ಯಕ್ಷ ಫಿಡೆಲ್ ರಾಮೋಸ್ ಕೇಳಿದರು, ಸಿಗಲಿಲ್ಲ. ಊರಿನ ಪಾದ್ರಿಗಳು, ಇತಿಹಾಸಕಾರರು, ಅಮೆರಿಕದ ಕೆಲವು ನಿವೃತ್ತ ಸೈನಿಕರೂ ಬಿಡದೆ ಪತ್ರ ಬರೆದರು. ಸತ್ತ ನಮ್ಮ ಹುಡುಗರ ನೆನಪು ಅವು, ಕೊಡಕೂಡದು ಎಂದು ವಯೋಮಿಂಗಿನ ಅನೇಕರು ವಿರೋಧಿಸಿದರು. ಕೊನೆಗೆ 2018ರ ಡಿಸೆಂಬರ್ 11ರಂದು ಗಂಟೆಗಳು ಮನಿಲಾಕ್ಕೆ ಬಂದಿಳಿದವು, 15ರಂದು ಈ ಊರಿಗೆ ಬಂದವು. ನೂರ ಹದಿನೇಳು ವರ್ಷಗಳ ನಂತರ. ಅಂದು ಇಡೀ ಊರು ರಸ್ತೆಗೆ ಇಳಿದಿತ್ತಂತೆ. ತಾನು ಸಾಯುವುದರೊಳಗೆ ಆ ಸದ್ದು ಕೇಳಿದೆ ಎನ್ನುವಾಗ ಲೋಲಾ ಕಣ್ಣೊರೆಸಿಕೊಂಡರು. ಗಂಟೆಗಳ ಹತ್ತಿರ ನಿಂತು ನೋಡಿದೆ. ಹಸಿರುಗಟ್ಟಿದ ಸಾಧಾರಣ ಹಳ್ಳಿ ಚರ್ಚಿನ ಗಂಟೆಗಳು. ಬೆಲೆಬಾಳುವ ಲೋಹಕ್ಕಾಗಿ ಯಾರೂ ಅವನ್ನು ಹೊತ್ತಿರಲಿಲ್ಲ. ಸೋತವರ ದನಿಯೂ ತಮ್ಮ ವಶದಲ್ಲಿರಬೇಕೆಂಬ ಹಟ ಅದು.

ಮನಿಲಾಕ್ಕೆ ಮರಳಿ ಅಮೆರಿಕನ್ ಯುದ್ಧಸ್ಮಶಾನಕ್ಕೆ ಹೋದೆವು. ಗಾಜಿನ ಗೋಪುರಗಳ ಹೊಸ ಬಡಾವಣೆಯ ಪಕ್ಕದಲ್ಲಿ ಹಸಿರು ಹುಲ್ಲಿನ ಮೇಲೆ ಬಿಳಿ ಅಮೃತಶಿಲೆಯ ಶಿಲುಬೆಗಳು, ವೃತ್ತ ವೃತ್ತವಾಗಿ ಸುಮಾರು 17 ಸಾವಿರ. ಎರಡನೇ ಮಹಾಯುದ್ಧದಲ್ಲಿ ಸತ್ತವರು. ಫಿಲಿಪಿನೋ ಸೈನಿಕರೂ ಇದ್ದಾರೆ. ದೇಹ ಸಿಗದ 36 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರು ಗೋಡೆಗಳ ಮೇಲಿವೆ. ಫ್ಯಾಸಿಸಂ ವಿರುದ್ಧ ಸತ್ತ ಆ ಹುಡುಗರಿಗೆ ತಲೆಬಾಗಿದೆ. ಈ ನೆಲ ಒಂದು ಕಾಲದಲ್ಲಿ ಫೋರ್ಟ್ ವಿಲಿಯಂ ಮೆಕಿನ್ಲಿ ಎಂಬ ಅಮೆರಿಕನ್ ದಂಡುಪ್ರದೇಶ. ಮೆಕಿನ್ಲಿ ಆರಂಭಿಸಿದ ಯುದ್ಧದಲ್ಲಿ ಸತ್ತ ಫಿಲಿಪಿನೋಗಳಿಗೆ ಇಂಥ ಗೋಡೆ ದೇಶದ ಯಾವ ಭಾಗದಲ್ಲೂ ನನಗೆ ಕಾಣಲಿಲ್ಲ. ಎರಡು ಯುದ್ಧಗಳಲ್ಲಿ ಒಂದನ್ನು ಕೆತ್ತಿ ಇನ್ನೊಂದನ್ನು ಬಿಟ್ಟರೆ ಮೊದಲನೆಯದರ ಗೌರವವೂ ಅಷ್ಟು ಕಡಿಮೆಯಾಗುತ್ತದೆ ಎಂದು ನಾನು ತಿಳಿದಿದ್ದೇನೆ.

ಫಿಲಿಪ್ಪೀನ್ಸಿಗೆ ಸ್ವಾತಂತ್ರ್ಯ ಬಂದದ್ದು 1946ರ ಜುಲೈ 4ರಂದು. ಅದನ್ನು ಕೊಟ್ಟ ದಿನವನ್ನಲ್ಲ, ತಾವೇ ಸಾರಿದ ದಿನವನ್ನು ಆಚರಿಸುತ್ತೇವೆ ಎಂದು 1962ರಲ್ಲಿ ಜೂನ್ 12ಕ್ಕೆ ಬದಲಾಯಿಸಿಕೊಂಡರು. ಅಮೆರಿಕದ ಸೈನಿಕ ನೆಲೆಗಳು ಮಾತ್ರ ಉಳಿದವು. 1991ರ ಸೆಪ್ಟೆಂಬರ್ 16ರಂದು ಫಿಲಿಪ್ಪೀನ್ಸಿನ ಸೆನೆಟ್ 12-11 ಮತಗಳಿಂದ ನೆಲೆಗಳ ಒಪ್ಪಂದವನ್ನು ತಿರಸ್ಕರಿಸಿತು, ಮರುವರ್ಷ ಸುಬಿಕ್ ಕೊಲ್ಲಿಯಿಂದ ಕೊನೆಯ ಅಮೆರಿಕನ್ ಸೈನಿಕರು ಹೊರಟರು. 2014ರ ಹೊಸ ಒಪ್ಪಂದ ಅವರನ್ನು ಬೇರೆ ರೂಪದಲ್ಲಿ ಮತ್ತೆ ಕರೆತಂದಿತು. 2023ರಲ್ಲಿ ಅಂಥ ಜಾಗಗಳು ಒಂಬತ್ತಾದವು. ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾದ ಹಡಗುಗಳು ಇವರ ಮೀನುಗಾರರನ್ನು ಅಟ್ಟುತ್ತಿರುವಾಗ ಈ ತೀರ್ಮಾನವನ್ನು ಹೊರಗಿನವನು ಲಘುವಾಗಿ ಟೀಕಿಸಬಾರದು. ಯಾರನ್ನು ಕರೆಯಬೇಕು, ಯಾವಾಗ ಕಳಿಸಬೇಕು ಎಂಬುದನ್ನು ಫಿಲಿಪಿನೋಗಳೇ ನಿರ್ಧರಿಸಬೇಕು. 1898ರಲ್ಲಿ ಅವರಿಂದ ಕಿತ್ತುಕೊಂಡದ್ದು ಆ ಹಕ್ಕನ್ನೇ.

ಈಗ ಕರ್ನಾಟಕದಿಂದಲೂ ಅನೇಕರು ಆ ದೇಶಕ್ಕೆ ಹೋಗುತ್ತಾರೆ, ಓದಲು, ಕೆಲಸಕ್ಕೆ, ಬೊರಕಾಯ್‌ನ ಬಿಳಿ ಮರಳು ನೋಡಲು. ಹೋಗುವವರು ಬಲಾಂಗಿಗಾಕ್ಕೂ ಸ್ವಲ್ಪ ಸಮಯ ಇಟ್ಟುಕೊಳ್ಳಿ. ಟಾಕ್ಲೊಬಾನ್‌ನಿಂದ ವ್ಯಾನ್ ಸಿಗುತ್ತದೆ, ರಸ್ತೆ ಚೆನ್ನಾಗಿದೆ, ಊರಿನ ಜನ ಕೂರಿಸಿ ಮಾತಾಡುತ್ತಾರೆ. ಸೆಪ್ಟೆಂಬರ್ 28ಕ್ಕೆ ಹೋದರೆ ಆ ದಿನದ ಪ್ರಾರ್ಥನೆಯಲ್ಲಿ ನೀವೂ ನಿಲ್ಲಬಹುದು.